ವಾಡೇದ ದಿಡ್ಡಿ ಬಾಗಿಲ

ದಿಡ್ಡಿ ಬಾಗಿಲಿಂದ ಅಂದ್ಯಾ? ಹೊಳ್ಳಿ ಹೇಳು. ನನಗ ಒಂದ ಕಿವಿ ಮಂದ ಆಗೇತಿ ಖರೆ, ಆದ್ರ ಈ ಮಾತ ನೆಟ್ಟಗ ಕೇಳೇತಿ. ಬೀಗರ ಮಂದಿ ಬಾಜಾ ಬಾರಿಸಿಕೋತ ದೊಡ್ಡ ಬಾಗಿಲಿಂದ ಬರೂದು, ನಮ್ಮ ಹುಡುಗಿನ್ನ ಹಿಂದಿನ ದಿಡ್ಡಿ ಬಾಗಿಲಿಂದ ಬಗ್ಗಿಸಿ ಒಳಗ ಒಯ್ಯೂದು, ಹಂಗನ ಮಾತಾಗೇತಿ? ಯಾರ ಮಾಡಿದ್ರು ಈ ಠರಾವ? ನಿಮ್ಮಪ್ಪನಾ? ನಮ್ಮ ಓಣಿಗೆ ಅದ ಸಮೀಪ ಆಗ್ತೇತಿ ಅಂದ್ನಾ? ಮೊದಲಿಂದ ನಮ್ಮ ಮಂದಿ ಹೋಗೂದು ಅಲ್ಲಿಂದನ ಅಂದ್ನಾ? ಹೂಂ. ಅಂದಿರ್ತಾನ ಬಿಡು. ಈರಣ್ಣ ನನ್ನ ಹೊಟ್ಟ್ಯಾಗ ಹುಟ್ಟಿದಾಂವ, ಊರ ಎದುರು ಗಟ್ಟಿಸಿ ಮಾತಾಡ್ತಾನ, ಗ್ರಾಮ ಪಂಚಾಯ್ತಿ ಮೆಂಬರ ಆಗಿ ಬಂದಾಂವ, ಆದ್ರ ಆ ಬಾಗಿಲ ಹಂತೇಲಿ ಬಂದಕೂಡ್ಲೆ ಅಂವನ ಕಾಲೂ ಹಿಂದಕ್ಕ ತಿರಗ್ತಾವ. ಭಾಗ್ಯಾ, ಬಾ ಇಲ್ಲೆ, ಕೈ ಚಾಚಿಕೊಂಡ ಕುಂದ್ರು, ಮೆಹಂದಿ ಕೆಡಬಾರದು. ಸವಿತಾ, ಆ ಮೊಬೈಲ ಮಕಾಡಿ ಮಲಗಿಸು. ಮಲಗಿಸು ಅಂದ್ನಿ. ಮತ್ತ ನನ್ನ ಎಲಿ ಅಡಕಿ ಚೀಲ ಕೊಡು. ನಾಳಿ ಹೊತ್ತ ಏರೂದ್ರಾಗ ಅಕ್ಕಿಕಾಳ ಬೀಳಬೇಕು, ಅದಕ್ಕಿಂತ ಮೊದಲ ಈ ಮಾತ ಬಗೀಹರೀಬೇಕು.

ನೀವು ಕೇಳ್ತಿದ್ರಿ ಅಲ್ಲಾ, ಆಯಿ ಯಾಕ ದೇಸಾಯರ ವಾಡೇಕ್ಕ ಬರಂಗಿಲ್ಲ, ಊರಾಗಿನ ಯಾವ ಮದುವಿಗೂ ಯಾಕ ಬರಂಗಿಲ್ಲ ಅಂತ. ಮೊಣಕಾಲ ನೋವ ಅಂತ ಹೇಳ್ತಿದ್ನಿ. ಮೊಣಕಾಲ ಚೊಲೋ ಅದಾವು. ನಾಲತವಾಡ ಸಂತಿಗೆ ಹೋಗಿ ಉಳ್ಳಾಗಡ್ಡಿ ಚೀಲ ಹೊತ್ತಗೊಂಡ ಬರ್ತೇನಿ, ವಾಡೇಕ್ಕ ಹೋಗಾಕ ಮೊಣಕಾಲ ನೋಯ್ತಾವ? ಅಷ್ಟೂ ಲೆಕ್ಕ ಹಾಕಲಿಲ್ಲ ನೀವು, ಡಿಗ್ರಿ ಓದಿದಾವರು.

ಈಗ ನೀವು ನೋಡೂ ವಾಡೆ ಬ್ಯಾರೆ, ನಾ ನೋಡಿದ ವಾಡೆ ಬ್ಯಾರೆ. ಈಗ ಸುಣ್ಣ ಬಣ್ಣ ಮಾಡ್ಯಾರ, ಸಮುದಾಯ ಭವನ ಅಂತ ಬೋರ್ಡ ಹಾಕ್ಯಾರ, ದೇಸಾಯರು ಕುದುರಿ ಕಟ್ಟತಿದ್ದ ಲಾಯದಾಗ ಈಗ ಊಟದ ಟೇಬಲ್ಲ, ಅವರು ಗಾದಿ ಹಾಕ್ಕೊಂಡ ಕುಂದರ್ತಿದ್ದ ಪಡಸಾಲ್ಯಾಗ ಈಗ ಸ್ಟೇಜ. ಮ್ಯಾಲಿನ ಖೋಲ್ಯಾಗ ವಾಚನಾಲಯ. ಹುಡುಗೂರು ಅಲ್ಲೆ ಕುಂತ ಪೇಪರ ಓದ್ತಾರಂತ. ಅಲ್ಲ, ಎಲ್ಲಿ ಓದ್ತಾರ, ಪುಕ್ಕಟ ವೈಫೈ ಐತೆಂತ, ಅದಕ್ಕ ಕುಂದರ್ತಾರ. ಇರ್ಲಿ. ಚೊಲೋನ ಆಗೇತಿ, ನಾ ಬ್ಯಾಡ ಅನ್ನೂದಿಲ್ಲ. ಮಂದಿಗೆ ಉಪಯೋಗ ಬರಾಕತ್ತೇತಿ. ಗುಬ್ಬಿ ಗೂಡ ಕಟ್ಟಿ ಹಾಳಾಗೂಕಿಂತ ಅದು ವಾಸಿ. ನಾ ಹೇಳೂದು ಕಟ್ಟಡದ ಮಾತಲ್ಲವ್ವಾ, ಕಾಲಿನ ಮಾತು.

ನಾ ಸಿಂದಗಿ ಕಡೆಯಿಂದ ಈ ಊರಿಗೆ ಲಗ್ನ ಆಗಿ ಬಂದಾಕಿ. ನಮ್ಮ ತವರೂರಾಗ ವಾಡೆ ಗೀಡೆ ಏನೂ ಇರ್ಲಿಲ್ಲ, ಎಲ್ಲಾರವೂ ಮಣ್ಣಿನ ಮನಿ, ಎಲ್ಲಾರೂ ಒಂದ ದಾರಿ ತುಳಿಯೂ ಮಂದಿ. ಇಲ್ಲಿ ಬಂದ ಒಂದ ವಾರಕ್ಕ ನಮ್ಮತ್ತಿ ನಿಂಗವ್ವ, ಅಂದ್ರ ನಿಮ್ಮ ಮುತ್ಯಾನ ಅವ್ವ, ನಡೀ ವಾಡೇಕ್ಕ, ಜ್ವಾಳ ಹಸನ ಮಾಡೂದೈತಿ ಅಂತ ಕರಕೊಂಡ ಹೊಂಟ್ಲು. ನಾ ಜ್ವಾಳ ಕೇರೂ ಮರ ಬಗಲಾಗ ಹಿಡಕೊಂಡ ಮುಂದ ಮುಂದ. ನೋಡ್ತೇನಿ, ಎಂಥಾ ಬಾಗಿಲ! ಎರಡ ಬಂಡಿ ಜೋಡ ಹೋಗೂವಷ್ಟ ಅಗಲ, ಕದದ ತುಂಬ ಕಬ್ಬಿಣದ ಮೊಳಿ, ಆನಿ ಬಂದ ಗುದ್ದಿದ್ರೂ ಮುರೀಬಾರದಂತ ಹಂಗ ಬಡದಿದ್ರಂತ. ನಾ ಬಾಯಿ ತಗದ ನೋಡ್ಕೋತ ನೆಟ್ಟಗ ಅದರ ಕಡೆ ನಡದ್ನಿ. ಹಿಂದಿಂದ ನನ್ನ ಸೆರಗ ಹಿಡದ ಎಳದ್ಲು ನಮ್ಮತ್ತಿ, ಎಂಥಾ ಜೋರ ಎಳದ್ಲು ಅಂದ್ರ ಮರ ಕೆಳಗ ಬಿತ್ತು. ಸುತ್ತ ಮುತ್ತ ನೋಡಿ ಸಣ್ಣ ದನ್ಯಾಗ ಅಂದ್ಲು, "ಅದು ನಮ್ಮ ಬಾಗಿಲ ಅಲ್ಲ." ಅಷ್ಟ. ಬೈಲಿಲ್ಲ, ಬಡೀಲಿಲ್ಲ. ಅಕಿ ಮುಖದ ಮ್ಯಾಲ ಹೆದರಿಕಿ ನೋಡಿ ನನಗ ಹೆದರಿಕಿ ಆತು.

ಆಮ್ಯಾಲ ಕಲಿಸಿದ್ಲು. ಬೇವಿನ ಗಿಡದ ಹಂತೇಲಿ ಚಪ್ಪಲಿ ಕಳದ ಕೈಯಾಗ ಹಿಡ್ಕೋಬೇಕು. ಸೆರಗ ತಲಿ ಮ್ಯಾಲ ಎಳಕೋಬೇಕು. ದೊಡ್ಡ ಬಾಗಿಲ ಕಡೆ ಮುಖ ಎತ್ತಿ ನೋಡದ ಗ್ವಾಡಿ ಬಾಜೂಕ ಹಾದ ಹಿಂದಕ್ಕ ಹೋಗಬೇಕು. ಅಲ್ಲೆ ಐತಿ ದಿಡ್ಡಿ. ಗ್ವಾಡ್ಯಾಗ ಒಂದ ಸಣ್ಣ ಬಾಗಿಲ, ನನ್ನಂಥ ಗಿಡ್ಡಿನೂ ಸೊಂಟ ಬಗ್ಗಿಸಿನ ಹೋಗಬೇಕು. ಒಳಗ ಹೊಕ್ರ ಎರಡ ದಪ್ಪನ ಗ್ವಾಡಿ ನಡುವ ಉದ್ದ ಸಂದಿ, ಒಬ್ಬರ ಹಿಂದ ಒಬ್ಬರು ಹೋಗೂವಷ್ಟ. ಹಿಂದಿನ ಕಾಲದಾಗ ವೈರಿ ಒಳಗ ನುಗ್ಗಿದ್ರ ಒಬ್ಬೊಬ್ಬರನ್ನ ಹಿಡಿಯಾಕ ಬರ್ಲೆಂತ ಹಂಗ ಕಟ್ಟಿದ್ರಂತ. ವೈರಿ ಯಾರೂ ಬರ್ಲಿಲ್ಲ. ಕುರಿ ಕಾಯೂ ಮಂದಿ, ಕೂಲಿ ಮಂದಿ, ನಾವ ಬಂದ್ವಿ ಅದರಾಗ, ಮರ ಹಿಡಕೊಂಡು, ಕಸಬರಗಿ ಹಿಡಕೊಂಡು, ಒಬ್ಬರ ಹಿಂದ ಒಬ್ಬರು.

ಬ್ಯಾಸರಾತೇನು ಸವಿತಾ? ಆಕಳಿಸಬ್ಯಾಡ. ಇನ್ನೂ ಮುಖ್ಯದ್ದ ಬಂದಿಲ್ಲ.

ಹಂಗ ಕೆಲ ವರ್ಷ ನಡೀತು. ಆಮ್ಯಾಲ ಹೊಲ ಉಳಾವರಿಗೆ ಆತು, ದೇಸಾಯರ ಗತ್ತ ಇಳೀತು, ಗಂಡಮಕ್ಕಳು ಧಾರವಾಡ ಕಡೆ ಹೋದ್ರು. ವಾಡೇದಾಗ ಉಳದಾಕಿ ಒಬ್ಬಾಕಿನ, ಮುದುಕಿ ಬಾಯಿಸಾಬ, ದೇಸಾಯರ ಹೇಣ್ತಿ. ಅಕೀನೂ ಒಂದಿನ ಮಗನ ಕಡೆ ಹೊಂಟ್ಲು. ಹೋಗೂ ಮೊದಲ ಊರ ಮಂದೀನ ಅಂಗಳದಾಗ ಕರಸಿದ್ಲು. ಕಟ್ಟಿ ಮ್ಯಾಲ ನಿಂತ ಹೇಳಿದ್ಲು, ಇನ್ನ ಮ್ಯಾಲ ಈ ವಾಡೆ ಊರಿಂದು, ಸಾಲಿ ಮಾಡ್ರಿ, ಸಭಾ ಮಾಡ್ರಿ, ಯಾರೂ ಹಿಂದ ಮುಂದ ನೋಡಬ್ಯಾಡ್ರಿ, ಎಲ್ಲಾರೂ ಬರ್ರಿ ಅಂತ. ಚೊಲೋ ಮನಸಿಂದನ ಹೇಳಿದ್ಲವ್ವಾ, ಸುಳ್ಳ ಹೇಳಬಾರದು, ಅಕಿ ಕಣ್ಣಾಗ ನೀರ ಬಂದಿತ್ತು. ನಮ್ಮ ಓಣಿ ಮಂದಿ ಎಲ್ಲಾ ಕೇಳಿದ್ವಿ, ಕೈ ಮುಗದ್ವಿ, ಹೊಳ್ಳಿ ಮನಿಗೆ ಬಂದ್ವಿ. ಯಾವ ಬಾಗಿಲಿಂದ ಬಂದ್ವಿ ಹೇಳು? ದಿಡ್ಡಿ ಬಾಗಿಲಿಂದ. ನಗಬ್ಯಾಡ್ರಿ. ಒಬ್ಬರಿಗರ ಹೊಳೀಬೇಕಿತ್ತಲ್ಲಾ. ಹೊಳೀಲಿಲ್ಲ.

ಅಲ್ಲಿಂದ ಆ ವಾಡೆ ಏನೇನ ಆತು ಕೇಳ್ರಿ. ಮೊದಲ ಸಾಲಿ ಆತು. ಪಡಸಾಲ್ಯಾಗ ಮಾಸ್ತರ ಕುರ್ಚಿ, ಕೆಳಗ ಗೋಣಿತಟ್ಟ ಹಾಸಿ ಹುಡುಗೂರು. ಬಾಜೂಕಿನ ಖೋಲ್ಯಾಗ ಸೊಸೈಟಿ ಬಂತು, ಸಕ್ಕರಿ, ಸೀಮಿ ಎಣ್ಣಿ ಕೊಡಾಕ ಹತ್ತಿದ್ರು. ಮಳಿ ಕೈ ಕೊಟ್ಟ ವರ್ಷ ಅಂಗಳದಾಗ ಗಂಜಿ ಕುದಿಸಿ ಹಂಚಿದ್ರು. ದನದ ಡಾಕ್ಟರ ಬಂದ್ರ ಲಾಯದಾಗ ಕುಂದರ್ತಿದ್ದ. ಎಲ್ಲಾದಕ್ಕೂ ವಾಡೆನ. ಆ ದೊಡ್ಡ ಬಾಗಿಲ ಹಾಕೂದ ಬಿಟ್ಟಬಿಟ್ರು, ಹಗಲೂ ರಾತ್ರಿ ಹಾರ ಹೊಡದ ತೆರದಿರ್ತಿತ್ತು, ನಾಯಿ ಹೋಗ್ತಿದ್ವು, ಎಮ್ಮಿ ಹೋಗ್ತಿದ್ವು. ನಾವು ಹೋಗ್ತಿದ್ದಿಲ್ಲ. ಸೀಮಿ ಎಣ್ಣಿ ಪಾಳೆ ಮುಂದ ಒಂದು, ಹಿಂದ ಒಂದು. ಗಂಜಿ ಪಾಳೆ ಹಂಗನ. ಯಾರೂ ಹಂಗ ನಿಂದರ್ರಿ ಅಂದಿರ್ಲಿಲ್ಲ. ಅದ ನನಗ ಸಿಟ್ಟ ಬರೂದು. ಯಾರರ ಕೈಯಾಗ ಬಡಿಗಿ ಹಿಡಕೊಂಡ ನಿಂತಿದ್ರ ಅಂವನ ಜೋಡಿ ಜಗಳ ಆಡಬಹುದಿತ್ತು, ಯಾರೂ ನಿಂತಿದ್ದಿಲ್ಲ.

ಈಗ ಕಸ್ತೂರಿ ಮಾತ ಬಂತು. ತಡೀರಿ, ಎಲಿ ಉಗುಳತೇನಿ.

ನಿಮಗ ಒಬ್ಬಾಕಿ ಅತ್ತಿ ಇದ್ಲು ಅಂತ ಗೊತ್ತೈತಿ. ಕಸ್ತೂರಿ. ನಿಮ್ಮಪ್ಪಗ ಹಿರ್ಯಾಕಿ. ಹೊಳ್ಯಾಗ ಹೋದ್ಲು ಅಂತ ನಿಮಗ ಯಾರೋ ಹೇಳ್ಯಾರ, ನಾನೂ ಹೌದಂದ ಸುಮ್ಮಾಗೇನಿ. ಹೊಳ್ಯಾಗ ಹೋಗಲಿಲ್ಲ ಅಕಿ. ಕೇಳ್ರಿ.

ಅಕಿನ್ನ ವಾಡೇದಾಗಿನ ಸಾಲಿಗೆ ಹಾಕಿದ್ವಿ. ನಮ್ಮ ಓಣಿ ಹುಡುಗೂರೆಲ್ಲಾ ದಿಡ್ಡಿಯಿಂದ ಹೋಗ್ತಿದ್ವು. ಬಾಗೇವಾಡಿ ಕಡೆಯಿಂದ ಒಬ್ಬ ಹೊಸ ಮಾಸ್ತರ ಬಂದ. ಅಂವಗ ಇದು ಸರಿ ಕಾಣಲಿಲ್ಲ. ಒಂದಿನ ಕಸ್ತೂರಿ ಕೈ ಹಿಡದು, ಬಾ ತಂಗಿ, ಸಾಲಿ ಬಾಗಿಲ ಇದು, ಸಾಲ್ಯಾಗ ಎಲ್ಲಾರೂ ಒಂದ ಅಂತ ದೊಡ್ಡ ಬಾಗಿಲಿಂದ ಒಳಗ ಕರಕೊಂಡ ಹೋದ. ಅಕಿ ಮನಿಗೆ ಜಿಗದಾಡಿಕೋತ ಬಂದ ಅಜ್ಜಿ ಮುಂದ ಹೇಳಿದ್ಲು, ಆಯಿ, ಇವತ್ತ ನಾ ಮೊಳಿ ಬಾಗಿಲಿಂದ ಹೋದ್ನಿ, ಮೊಳಿ ಮುಟ್ಟಿ ನೋಡಿದ್ನಿ ಅಂತ. ನಮ್ಮತ್ತಿ ಕಸಬರಗಿ ಹಿಂದ ಮುಂದ ಮಾಡಿ ಹಿಡದ ಬಡದ್ಲವ್ವಾ. ಕಾಲಿಗೆ ಬಡದ್ಲು. ಬ್ಯಾರೆ ಎಲ್ಲೂ ಅಲ್ಲ, ಹೋದ ಕಾಲಿಗೆ. ಆಮ್ಯಾಲ ಕೈ ಹಿಡದ ಎಳಕೊಂಡ ಹೋಗಿ ಹೊಸ್ತಿಲದ ಹೊರಗ ನಿಂದರಸಿ, ತಪ್ಪಾತು ಅನಸಿ, ಹಣಿ ಮುಟ್ಟಿಸಿ ಕರಕೊಂಡ ಬಂದ್ಲು. ಒಳಗ ಯಾರಿದ್ರು? ದೇಸಾಯರು ಇದ್ರಾ? ಯಾರೂ ಇರ್ಲಿಲ್ಲ. ಒಂದ ಹೋರಿಕರ ಮಲಗಿತ್ತು. ಅದಕ್ಕ ಹಣಿ ಮುಟ್ಟಿಸಿ ಬಂತು ನನ್ನ ಕೂಸು. ಅಂದಿನಿಂದ ಕಸ್ತೂರಿ ಆ ಬಾಗಿಲ ಕಡೆ ಹೊಳ್ಳಿ ನೋಡಲಿಲ್ಲ. ಮಾಸ್ತರ ಕರದ್ರ ಅಳತಿದ್ಲು. ಅಂವನೂ ಬ್ಯಾಸತ್ತ ಬಿಟ್ಟ.

ನಮ್ಮತ್ತಿ ಕೆಟ್ಟಾಕಿ ಅಲ್ಲ. ಅದನ್ನೂ ಹೇಳಬೇಕು. ಕಸ್ತೂರಿಗೆ ರೊಟ್ಟಿಗೆ ಬೆಣ್ಣಿ ಸವರಿ ತಾ ಬರೇ ಚಟ್ನಿ ಹಚ್ಚಿಕೊಂಡ ತಿಂತಿದ್ಲು. ಅಕಿ ಸಣ್ಣಾಕಿ ಇದ್ದಾಗ ಅಕಿ ಅಣ್ಣಗ ಆ ಬಾಗಿಲದಾಗ ಏನೋ ಆಗಿತ್ತಂತ, ಕಟ್ಟಿ ಹಾಕಿ ಬಡದಿದ್ರಂತ, ಪೂರಾ ಯಾವತ್ತೂ ಹೇಳಲಿಲ್ಲ. ಆ ಹೆದರಿಕಿ ಅಕಿ ಎದ್ಯಾಗಿತ್ತು. ಮೊಮ್ಮಗಳಿಗೆ ಹಂಗ ಆಗಬಾರದು ಅಂತನ ಬಡದ್ಲು ಅಕಿ.

ಆ ವರ್ಷ ಶ್ರಾವಣದಾಗ ಮಳಿ ಹಿಡೀತು. ಬಿಡಲಾರದ ಜಿಟಿ ಜಿಟಿ, ನಡುನಡುವ ಧೋ ಅಂತ. ಡೋಣಿ ಹೊಳಿ ತುಂಬಿ ನಮ್ಮ ಹಳ್ಳಕ್ಕ ಹಿಂದ ಒತ್ತು ಕೊಡ್ತು, ಹಳ್ಳದ ನೀರ ಹೋಗಾಕ ದಾರಿ ಇಲ್ಲದ ನಮ್ಮ ಕೆಳಗಿನ ಓಣಿ ಹೊಕ್ತು. ಒಲಿ ಆರಿತು, ಜ್ವಾಳದ ಚೀಲ ತೊಯ್ತು, ಕೋಳಿ ತೇಲಿಹೋದ್ವು. ಎರಿ ಹೊಲದ ರಾಡಿ ನೀವು ನೋಡೀರಿ, ಇಟ್ಟ ಕಾಲ ಕಿತ್ತೂದ ತ್ರಾಸ. ಪಂಚಾಯ್ತಿಯವರು ಬಂದ ಎಲ್ಲಾರೂ ವಾಡೇಕ್ಕ ನಡೀರಿ ಅಂದ್ರು. ಹೊಳಿದಂಡಿ ಊರವರನ್ನೂ ಟ್ರ್ಯಾಕ್ಟರಿನ್ಯಾಗ ಹೇರಿಕೊಂಡ ತಂದ್ರು. ಅವರ ಊರಾಗಂತೂ ಬರೇ ಮಾಳಿಗಿ ಕಾಣತಿದ್ದವಂತ.

ಅವರು ಟ್ರ್ಯಾಕ್ಟರ ಇಳದಾವರ ಸೀದಾ ದೊಡ್ಡ ಬಾಗಿಲಿಂದ ಒಳಗ ಬಂದ್ರು. ಅವರಿಗೇನ ಗೊತ್ತು, ಅವರು ನಮ್ಮ ದೇಸಾಯರ ರೈತರಲ್ಲ. ಮುಂದಿನ ಪಡಸಾಲ್ಯಾಗ ಹಾಸಿಕೊಂಡ್ರು. ಪಡಸಾಲಿ ಒಣಾ ಇತ್ತು, ಅದಕ್ಕ ಹಂಚ ಹಾಕಿದ್ರು. ನಾವು? ನಾವು ದಿಡ್ಡಿಯಿಂದ ಬಂದ ಹಿಂದಿನ ಅಂಗಳದ ಕೈಸಾಲ್ಯಾಗ ಕುಂತ್ವಿ, ದಿಡ್ಡಿ ಗ್ವಾಡಿಗೆ ಬೆನ್ನ ಹಚ್ಚಿ. ಅಲ್ಲೆ ಮ್ಯಾಲ ಮಣ್ಣಿನ ಮಾಳಿಗಿ. ಸೋರತಿತ್ತು. ಗ್ವಾಡ್ಯಾಗ ಅರಳಿ ಗಿಡ ಹುಟ್ಟಿ ಬೇರ ಬಿಟ್ಟಿತ್ತು, ಆ ಬೇರಗುಂಟ ನೀರ ಇಳೀತಿತ್ತು. ಮುಂದ ಒಣಾ ಜಾಗಾ ಇತ್ತವ್ವಾ. ಭಾಳ ಜಾಗಾ ಇತ್ತು. ಪಂಚಾಯ್ತಿ ಸಿಪಾಯಿ ಬಂದು, ಇಲ್ಲ್ಯಾಕ ಕುಂತೀರಿ, ಮುಂದ ಬರ್ರಿ ಅಂತ ಕರದ್ನೂ ಕರದ. ನಮ್ಮ ಹಿರೇರು, ಇರ್ಲಿ ಬಿಡಪಾ, ನಮಗ ಇಲ್ಲೆ ಚೊಲೋ ಐತಿ ಅಂದ್ರು.

ನಿಮ್ಮಪ್ಪ ಆಗ ಮಲಿ ಕುಡಿಯೂ ಕೂಸು. ಮೈ ಕೆಂಡದಂಗ ಸುಡತಿತ್ತು, ಜ್ವರ. ತೊಯ್ದ ಅರಿವಿ ಬಿಟ್ರ ಹೊದಿಸಾಕ ಏನೂ ಇಲ್ಲ. ಹೊಳಿದಂಡಿ ಊರಾಕಿ ಒಬ್ಬಾಕಿ, ದುರಗವ್ವ ಅಂತ, ಗಟ್ಟಿ ಆಳು, ಗಂಡಸಿನಂಥ ರೆಟ್ಟಿ, ನೀರಿಗೆ ಬಂದಾಕಿ ನನ್ನ ಕೂಸಿನ ನಡುಕ ನೋಡಿದ್ಲು. ಏನ ನೀನು, ಕೂಸಿನ್ನ ಕೊಲ್ಲಾಕ ಕುಂತೀ ಏನ, ಮುಂದ ನಡೀ, ನನ್ನ ಕಡೆ ಒಣಾ ಕೌದಿ ಐತಿ ಅಂದ್ಲು. ನಾ ಅತ್ತಿ ಮುಖ ನೋಡಿದ್ನಿ. ಅತ್ತಿ ಕೂಸಿನ ಮುಖ ನೋಡಿದ್ಲು. ಹಣಿ ಮುಟ್ಟಿ ನೋಡಿ, ಹೋಗು, ಒಳಗಿಂದನ ಹೋಗು, ಬಾಗಿಲ ತುಳೀಬ್ಯಾಡ ಅಂದ್ಲು. ಹಂಗ ನಾ ಈರಣ್ಣನ್ನ ಎತ್ತಿಕೊಂಡ ಪಡಸಾಲಿ ತುದಿಗೆ ಬಂದ ಕುಂತ್ನಿ. ಕಸ್ತೂರಿ ನನ್ನ ಹಿಂದ ಬಂದ್ಲು. ದುರಗವ್ವನ ಹುಡುಗೂರ ಜೋಡಿ ಹುಣಸಿ ಬೀಜದಾಟ ಆಡಾಕ ಕುಂತ್ಲು. ಎಲ್ಲಿ ಕುಂತಿದ್ಲು ಗೊತ್ತೇನು? ದೊಡ್ಡ ಬಾಗಿಲ ಒಳಮಗ್ಗಲಕ್ಕ. ಹೊಸ್ತಿಲಿಗೂ ಅಕಿಗೂ ಈ ನಮ್ಮ ಕಟ್ಟಿಯಿಂದ ಆ ಎಮ್ಮಿ ಗೂಟದಷ್ಟೂ ದೂರ ಇರ್ಲಿಲ್ಲ.

ಮಧ್ಯಾಹ್ನ ಮಳಿ ಸ್ವಲ್ಪ ಕಡಿಮಿ ಆಗಿತ್ತು. ಹೆಂಗಸೂರು ಒಲಿ ಹಚ್ಚಾಕ ನೋಡ್ತಿದ್ರು. ನಿಮ್ಮ ಮುತ್ಯಾ ಕುರಿ ಹೊಡಕೊಂಡ ದಿನ್ನಿ ಮ್ಯಾಲ ಹೋಗಿದ್ರು. ಆವಾಗ ಹಿಂದಿನ ಲಾಯದ ಕಡೆ ಒಂದ ಸಪ್ಪಳಾತು. ಮೊದಲ ಲಟಕ್ ಅಂತು, ಜಂತಿ ಮುರದಂಗ. ಆಮ್ಯಾಲ ದಡ್ ಅಂತ ಲಾಯದ ಮಾಳಿಗಿ ಪೂರಾ ಕೆಳಗ ಕುಂತಬಿಡ್ತು. ಧೂಳ ಅಂದ್ರ ಧೂಳ, ಆ ಮಳ್ಯಾಗೂ ಧೂಳ. ಓಡ್ರೋ ಅಂತ ಯಾರೋ ಒದರಿದ್ರು. ದುರಗವ್ವನ ಹುಡುಗೂರು ಬೀಜಾ ಚೆಲ್ಲಿ ಎದ್ದಾವ, ಟಣ್ಣ ಅಂತ ಹೊಸ್ತಿಲ ಜಿಗದ ಹೊರಗ ಹೋದ್ವು. ಕಸ್ತೂರೀನೂ ಎದ್ಲು. ಬಾಗಿಲ ಕಡೆ ನೋಡಿದ್ಲು. ನಾ ಒದರಿದ್ನಿ, ಕಸ್ತೂರಿ, ಹೊರಗ ಹೋಗ, ಹೊರಗ ಹೋಗ ಅಂತ. ಅಕಿ ನನ್ನ ಮುಖ ನೋಡಿ ಅಂದ್ಲು,

"ಆಯಿ ಬಡೀತಾಳ ಯವ್ವಾ."

ಅಂದಾಕಿ ಒಳಗ ದಿಡ್ಡಿ ಕಡೆ ಓಡಿದ್ಲು. ನನ್ನ ಮುಂದನ ಹಾದ ಹೋದ್ಲು, ಕೈ ಚಾಚಿದ್ನಿ, ಲಂಗದ ತುದಿ ಕೈಗೆ ತಾಕಿತು, ಸಿಗಲಿಲ್ಲ. ಬೀಳಾಕತ್ತಿದ್ದ ಕಡೇಕ್ಕ ಓಡಿದ್ಲು ನನ್ನ ಮಗಳು. ತೆರದ ಬಾಗಿಲ ಬೆನ್ನ ಹಿಂದ ಬಿಟ್ಟು ಓಡಿದ್ಲು.

ನೀರ ಕೊಡ ಸ್ವಲ್ಪ.

ನಾ ಅಕಿ ಹಿಂದ ಹೋಗಬೇಕಂತ ಎದ್ನಿ. ದುರಗವ್ವ ನನ್ನ ರೆಟ್ಟಿ ಹಿಡದ್ಲು, ಮಗ್ಗಲಾಗ ಕೂಸ ಐತಿ, ನಡೀ ಹೊರಗ ಅಂತ ದರದರ ಎಳಕೊಂಡ ಬಾಗಿಲಿಗೆ ತಂದ್ಲು. ಈಗ ನಾ ಹೇಳೂದ ನೆಟ್ಟಗ ಕೇಳ್ರಿ, ಇದನ್ನ ನಿಮ್ಮ ಮುತ್ಯಾನ ಮುಂದನೂ ಹೇಳಿಲ್ಲ. ಹೊಸ್ತಿಲ ಹಂತೇಲಿ ನನ್ನ ಕಾಲ ನಿಂತ್ವು. ಮಗಳು ಒಳಗ ಅದಾಳಂತ ನಿಂತ್ವು ಅಂತ ಹೇಳಿದ್ರ ನೀವೂ ನಂಬತೀರಿ, ಇಷ್ಟ ವರ್ಷದಾಗ ನಾನೂ ನಂಬಬಹುದಿತ್ತು. ಅದಲ್ಲ. ನನ್ನ ಕೈ ತಾನ ಎದ್ದ ಸೆರಗ ತಲಿ ಮ್ಯಾಲ ಎಳಕೊಂತು. ಹಿಂದ ಗ್ವಾಡಿ ಬೀಳಾಕತ್ತೇತಿ, ಬಗಲಾಗ ಜ್ವರದ ಕೂಸ, ಮಗಳು ಒಳಗ, ಮತ್ತ ನಾ ದೇಸಾಯರ ಹೊಸ್ತಿಲಿಗೆ ಸೆರಗ ಹೊತ್ತಗೊಂಡ ನಿಂತೇನಿ! ಈ ಊರಾಗ ಹುಟ್ಟಿದಾಕೀನೂ ಅಲ್ಲ ನಾನು. ನಾಕ ದಿನ ನಡದ ಕಾಲು ಹಂಗ ಕಲ್ತಿದ್ವು. ದುರಗವ್ವ ಒಂದ ಬೈಗಳ ಬೈದ ಬೆನ್ನಿಗೆ ಎಂಥಾ ದೂಡ ದೂಡಿದ್ಲಂದ್ರ, ಕೂಸಿನ ಸಮೇತ ಹೊರಗಿನ ರಾಡ್ಯಾಗ ಹೋಗಿ ಬಿದ್ನಿ. ಈ ಹಲ್ಲ ಅವತ್ತ ಹೋದದ್ದು. ಅಷ್ಟ್ರಾಗ ಹಿಂದ ದಿಡ್ಡಿ ಗ್ವಾಡಿ ಬಿದ್ದ ಸಪ್ಪಳ ಬಂತು. ಅದು ಜೋರೂ ಇರ್ಲಿಲ್ಲವ್ವಾ, ತೊಯ್ದ ಗ್ವಾಡಿ, ಮೆತ್ತಗ ಕುಂತಂಗ ಆತು.

ನಮ್ಮ ಓಣಿ ಮಂದಿ ಎಲ್ಲಾ ದಿಡ್ಡಿಗೆ ಓಡಿದ್ರು. ಆ ಸಂದ್ಯಾಗ ಒಬ್ಬರ ಹಿಂದ ಒಬ್ಬರು, ಬಗ್ಗಿ, ಮುಂದಿನಾವರು ಹೋಗೂತನಕ ಹಿಂದಿನಾವರು ನಿಂತಗೊಂಡು. ಮುಂದಿದ್ದವರು ಕೆಲವರು ಪಾರಾದ್ರು. ಉಳದಾವರ ಮ್ಯಾಲ ಎರಡೂ ಕಡೆ ಗ್ವಾಡಿ ಕುಂತ್ವು. ಹೆಸರ ಹಿಡದ ಹೇಳೂದಿಲ್ಲ, ಅವರ ಮಕ್ಕಳು ಇನ್ನೂ ಇದ ಓಣ್ಯಾಗ ಅದಾರ, ನಾಳಿ ನಿನಗ ಅರಿಷಿಣ ಹಚ್ಚಾಕ ಬರ್ತಾರ. ಹೊಳಿದಂಡಿ ಊರವರು ಒಬ್ಬರೂ ಸಾಯಲಿಲ್ಲ. ಒಬ್ಬರೂ. ಅವರೂ ಅದ ವಾಡೇದಾಗ ಇದ್ರು, ಅದ ಮಳಿ, ಅದ ಹೊತ್ತು. ಅವರ ಗಂಡಸರ ಓಡಿ ಬಂದ ಮಣ್ಣ ತಗದ್ರು, ನಮ್ಮವರನ್ನ ಮುದ್ದೇಬಿಹಾಳ ದವಾಖಾನಿಗೆ ಒಯ್ದ್ರು.

ನಿಮ್ಮ ಮುತ್ಯಾ ಕುರಿ ಅಲ್ಲೆ ಬಿಟ್ಟ ಬಂದ್ರು. ಮಣ್ಣ ಅಗಿಯೂ ಸನಿಕಿ ಮುಟ್ಟಲಿಲ್ಲ, ಸನಿಕಿ ಪೆಟ್ಟ ಕೂಸಿಗೆ ಹತ್ತೀತಂತ ಬರೇ ಕೈಲೆ ಬಗರಿದ್ರು, ಉಗುರ ಕಿತ್ತ ಬಂದ್ವು. ಹೊತ್ತ ಮುಳಗೂ ಮುಂದ ಸಿಕ್ರು ಇಬ್ಬರೂ. ಅತ್ತಿ ಒಂದ ಕೈಯಾಗ ಕಸ್ತೂರಿನ್ನ ಎದಿಗೆ ಒತ್ತಿ ಹಿಡದಿದ್ಲು. ಇನ್ನೊಂದ ಕೈಯಾಗ ಚಪ್ಪಲಿ ಇದ್ವು. ಜೀವ ಹೋಗೂ ಹೊತ್ತಿನ್ಯಾಗೂ ಚಪ್ಪಲಿ ಕೈಯಾಗ ಹಿಡಕೊಂಡನ ಓಡಿದ್ಲು ಅಕಿ.

ನಮ್ಮತ್ತಿ ಮ್ಯಾಲ ನನಗ ಸಿಟ್ಟಿಲ್ಲ. ಅಲ್ಲ, ಐತಿ, ಯಾಕ ಸುಳ್ಳ ಹೇಳ್ಲಿ, ಈಗೂ ಐತಿ. ಮೊದಲ ಆ ಕಸಬರಗಿ ನೆನಪಾಗ್ತೇತಿ. ಆಮ್ಯಾಲ ಅಕಿ ಕೂಸಿನ್ನ ಹಿಡದದ್ದ ನೆನಪಾಗ್ತೇತಿ. ಎರಡೂ ಕೂಡೆ ಬರ್ತಾವ, ಬ್ಯಾರೆ ಮಾಡಾಕ ಬರಂಗಿಲ್ಲ ನನಗ.

ಆಮ್ಯಾಲ ಸಾಹೇಬರು ಬಂದ್ರು, ಛತ್ರಿ ಹಿಡಕೊಂಡ ನಿಂತ ನೋಡಿದ್ರು. ಹಳೇ ಗ್ವಾಡಿ, ಮಳಿ ಜಾಸ್ತಿ, ಏನ ಮಾಡೂದು ಅಂದ್ರು. ಪೇಪರಿನ್ಯಾಗೂ ಹಂಗನ ಬಂತಂತ. ಮಳಿ ಖರೆ. ಹಳೇ ಗ್ವಾಡಿ ಖರೆ. ಆದ್ರ ದೊಡ್ಡ ಬಾಗಿಲ ತೆರದಿತ್ತು ಅಂತ ಯಾರೂ ಬರೀಲಿಲ್ಲ. ನಮ್ಮ ಮಂದೀನೂ ಆ ಮಾತ ಆಡಲಿಲ್ಲ, ಹಣೇಬರ ಅಂದ್ರು. ಆಡಿದ್ರ ಮತ್ತ ಯಾಕ ಹೋಗಲಿಲ್ಲ ಅನ್ನೂ ಮಾತ ಬರ್ತಿತ್ತಲ್ಲಾ. ಹೊಳ್ಯಾಗ ಹೋದ್ರು ಅಂದ್ರ ಯಾರೂ ಮುಂದ ಕೇಳಂಗಿಲ್ಲ. ನಾನೂ ಹಂಗ ಅಂದ್ನಿ.

ವಾಡೆ ಭಾಳ ವರ್ಷ ಹಾಳ ಬಿತ್ತು. ಸಾಲಿ ಬ್ಯಾರೆ ಕಟ್ಟಿದ್ರು. ಬೇಸಿಗ್ಯಾಗ ಇಸ್ಪೀಟ ಆಡಾವರು ಅಲ್ಲೆ ಕುಂದರ್ತಿದ್ರು. ಮತ್ತ ಈಗೀಗ ಸರಕಾರದವರು ರಿಪೇರಿಗೆ ಬಂದಾಗ ನಿಮ್ಮ ಮುತ್ಯಾ ಇನ್ನೂ ಇದ್ರು. ಬಡಿಗಿ ಊರಕೋತ ಹೋಗಿ, ಸಾಹೇಬರ, ದಿಡ್ಡಿ ಮಾತ್ರ ಕಟ್ಟಬ್ಯಾಡ್ರಿ, ಕಲ್ಲ ಇಟ್ಟ ಮುಚ್ಚಿಬಿಡ್ರಿ ಅಂತ ಕೈ ಮುಗದ್ರು. ಆ ಇಂಜಿನಿಯರ ಹುಡುಗ ಪಾಪ ಮರ್ಯಾದಿಲೆ ಮಾತಾಡಿದನಂತ. ಹಂಗ ಬರಂಗಿಲ್ಲ ಅಜ್ಜಾರ, ಮೊದಲ ಹೆಂಗಿತ್ತೋ ಹಂಗ ಕಟ್ಟಬೇಕು, ಅದಕ್ಕ ಇತಿಹಾಸ ಐತಿ ಅಂದನಂತ. ಇತಿಹಾಸ ಐತಿ ಅಂತ ನಮಗ ಗೊತ್ತಿಲ್ಲೇನು? ನಿಮ್ಮ ಮುತ್ಯಾ ಮನಿಗೆ ಬಂದ ಉಣ್ಣಲಿಲ್ಲ ಅವತ್ತ. ಚೆಂದಗೆ ಕಟ್ಟಿದ್ರು ದಿಡ್ಡಿ, ಹೊಸ ಕಲ್ಲು, ಸಿಮೆಂಟು, ಮ್ಯಾಲ ಒಂದ ಲೈಟು. ಈಗ ಅಲ್ಲೆ ಅಡಗಿ ಮನಿ ಬಂದೇತಿ. ಮುಸುರಿ ತಿಕ್ಕಾವರು ಅಲ್ಲಿಂದ ಹೋಗ್ತಾರ, ಅದು ಬಿಡು, ಕೆಲಸ ಅಲ್ಲೇ ಐತಿ. ಊಟಕ್ಕ ಕರದಾಗನೂ ನಮ್ಮ ಓಣಿ ಮಂದಿ ಹೊಸಾ ಅರಿವಿ ಉಟಗೊಂಡು, ಕೊಡಾಕ ತಂದ ಆಹೇರ ಕೈಯಾಗ ಹಿಡಕೊಂಡು, ಸುತ್ತ ಹಾಕಿ ದಿಡ್ಡ್ಯಾಗ ಬಗ್ಗಿ ಹೋಗ್ತಾರಂತ. ಕೇಳಿದ್ರ ಸಮೀಪ ಆಗ್ತೇತಿ ಅಂತಾರ. ಸಮೀಪ ಇಲ್ಲವ್ವಾ ಅದು. ನಡದ ನೋಡ್ರಿ ಬೇಕಾದ್ರ, ದೊಡ್ಡ ಬಾಗಿಲ ಮುಂದ ಹಾದನ ದಿಡ್ಡಿಗೆ ಹೋಗಬೇಕು.

ಅದಕ್ಕ ನಾ ಹೋಗಿಲ್ಲ. ದಿಡ್ಡಿಯಿಂದ ಹೋಗಾಕ ನನ್ನ ಕೈಲೆ ಆಗೂದಿಲ್ಲ, ಅಲ್ಲೆ ನನ್ನ ಮಗಳ ಅದಾಳ. ದೊಡ್ಡ ಬಾಗಿಲಿಂದ ಹೋಗಾಕ ಧೈರ್ಯ ಸಾಲೂದಿಲ್ಲ, ಮತ್ತ ಕಾಲ ನಿಂತ್ರ ಅಂತ. ಮನ್ಯಾಗ ಕುಂದರೂದ ಸುರಳೀತ ಅಂತ ಕುಂತ್ನಿ. ನಾಳೀನೂ ಕುಂದರ್ತಿದ್ನಿ. ನಿನ್ನ ಅಕ್ಕಿಕಾಳ ಇಲ್ಲಿಂದನ ಒಗದ ಅಳತಿದ್ನಿ. ಈಗ ದಿಡ್ಡಿ ಮಾತ ಕೇಳಿದ ಮ್ಯಾಲ ಹೆಂಗ ಕುಂದರ್ಲಿ? ನಾ ಸುಮ್ನ ಕುಂತದ್ದಕ್ಕನ ಅಲ್ಲಾ ನಿಮ್ಮಪ್ಪಗ ಗೊತ್ತಿಲ್ಲದ್ದು. ಅಂವ ಆ ದೊಡ್ಡ ಬಾಗಿಲಿಂದ ಹೊರಗ ಬಿದ್ದ ಉಳದಾಂವ. ಅಂವಗ ನಾ ಅಷ್ಟೂ ಹೇಳಿರ್ಲಿಲ್ಲ.

ಯಾರದು ಬಾಗಿಲ ಮರೀಗೆ ನಿಂತಾಂವ? ಈರಣ್ಣಾ? ಯಾವಾಗಿಂದ ನಿಂತೀ? ಬಾ ಹೊರಗ. ಅಳಬ್ಯಾಡ, ಮದುವಿ ಮನ್ಯಾಗ ಅಳಬಾರದು. ಏನಂದಿ? ಗಟ್ಟಿಸಿ ಹೇಳು, ಈ ಕಿವ್ಯಾಗ ಹೇಳು. ಹೂಂ. ಭಾಗ್ಯಾನ್ನ ದೊಡ್ಡ ಬಾಗಿಲಿಂದನ ಒಯ್ಯೂಣು ಅಂತೀ. ಭಾಗ್ಯಾನ್ನ ಅಷ್ಟ ಅಲ್ಲ. ನಮ್ಮ ಓಣಿ ಮಂದಿ ಎಲ್ಲಾರನ್ನೂ. ಈಗ ಹೋಗು, ಮನಿಮನಿಗೆ ಹೋಗಿ ಹೇಳಿ ಬಾ, ನಾಳಿ ನಮ್ಮ ಮನಿ ಮುಂದ ಕೂಡ್ರಿ, ಬಾಜಾ ಹಚ್ಚಿ ಎಲ್ಲಾರೂ ಕೂಡೆ ಹೋಗೂದೈತಿ ಅಂತ ಹೇಳು. ಕೂಸು ಕುನ್ನಿ ಎಲ್ಲಾ ಕರಕೊಂಡ ಬರಾಕ ಹೇಳು, ಕೂಸುಗಳು ಮುಖ್ಯ. ಇಂಡಿಯಿಂದ ಬರೂ ಬೀಗರು ತಡಾ ಆತು ಅಂದ್ರ ಅನ್ನಲಿ, ನಿಂದ್ರಲಿ ಅವರೂ ಒಂದಿಷ್ಟು. ಚಪ್ಪಲಿ ಹಾಕ್ಕೊಂಡನ ಹೋಗೂದು. ಒಳಗ ಹೋದ ಮ್ಯಾಲ ಎಲ್ಲಾರೂ ಎಲ್ಲಿ ಬಿಡ್ತಾರ ಅಲ್ಲೆ ಬಿಡೂದು.

ಭಾಗ್ಯಾ, ನಾಳಿ ನನ್ನ ಕೈ ನೀ ಹಿಡಿ. ಮುತ್ತೈದೇರು ಏನರ ಅಂದ್ರ ನನ್ನ ಹೆಸರ ಹೇಳು. ಹೊಸ್ತಿಲ ಹಂತೇಲಿ ನನ್ನ ಕಾಲ ನಿಂತರೂ ನಿಂದ್ರಬಹುದು. ನಿಂತ್ರ ಯಾಕ ಆಯಿ ಅಂತ ಕೇಳಾಕ ಹೋಗಬ್ಯಾಡ, ಹಿಂದಿಂದ ದೂಡಿಬಿಡು, ಬಿದ್ದರೂ ಚಿಂತಿಲ್ಲ. ಮುಂದ ನಿನಗ ಕೂಸಾದ ಮ್ಯಾಲ, ಅದು ಅಂಬೆಗಾಲಿಡಾಕ ಹತ್ತಿದಾಗನ ಕರಕೊಂಡ ಬಂದು ಆ ಬಾಗಿಲದಾಗ ಆಡಾಕ ಬಿಡು, ಹೊಸ್ತಿಲ ಹತ್ತಿ ಇಳದ ಕಾಲಿಗೆ ರೂಢಿ ಆಗಲಿ. ಬಾಗಿಲ ತೆರದ ಇಟ್ಟರ ಸಾಲೂದಿಲ್ಲವ್ವಾ, ಅದರಾಗಿಂದ ಹೋಗಾಕ ಮಕ್ಕಳಿಗೆ ಕಲಿಸಬೇಕು. ಏಳ್ರಿ ಇನ್ನ, ಉಣ್ರಿ, ರೊಟ್ಟಿ ಆರಾಕತ್ತಾವ.